ಹ್ಯಾಮ್ ರೇಡಿಯೋ ಪ್ರಶ್ನೋತ್ತರ: ಎಂಟು ಪದಕ್ಕೇ ನಿಂತ ಮೋರ್ಸ್

ಪ್ರಶ್ನೆ: ಅಕ್ಷರಗಳನ್ನು ಚುಕ್ಕಿ–ಗೆರೆಯಲ್ಲಿ ಹೇಳುವ ಮೋರ್ಸ್ ಸಂಕೇತದ ಪಟ್ಟಿ ಬಾಯಿಪಾಠ ಮಾಡಿ ಮೂರು ತಿಂಗಳಾಯಿತು. ನಿಮಿಷಕ್ಕೆ ಎಂಟು ಪದ ದಾಟಿದರೆ ಅಕ್ಷರಗಳು ತಪ್ಪಿಹೋಗುತ್ತವೆ. ಏನು ಮಾಡಲಿ?
– ಓದುಗರು, ಸುರತ್ಕಲ್

ಉತ್ತರ: ತೊಂದರೆ ಆ ಪಟ್ಟಿಯಲ್ಲೇ ಇದೆ. ಕೇಳಿದ್ದನ್ನು ನೀವು ಮೊದಲು ಚುಕ್ಕಿ–ಗೆರೆ ಮಾಡಿಕೊಂಡು, ಆಮೇಲೆ ತಲೆಯೊಳಗಿನ ಪಟ್ಟಿಯಲ್ಲಿ ಹುಡುಕುತ್ತೀರಿ. ಸಿಗುವಷ್ಟರಲ್ಲಿ ಮುಂದಿನ ಅಕ್ಷರ ಬಂದಾಗಿರುತ್ತದೆ. ಪಟ್ಟಿ ಮಡಚಿಡಿ. ಚೆಂಡೆ ಕಲಿಯುವವರು ಬಾಯಿತಾಳ ಹೇಳಿಕೊಳ್ಳುವ ಹಾಗೆ, ಚುಕ್ಕಿಗೆ ‘ಡಿ’, ಗೆರೆಗೆ ‘ಡಾ’ ಎಂದಿಟ್ಟುಕೊಂಡು, ‘ಕೆ’ ಎಂದರೆ ‘ಡಾ-ಡಿ-ಡಾ’ ಎಂದು ಬಾಯಲ್ಲೇ ಹೇಳಿ ಅಭ್ಯಾಸ ಮಾಡಿ.

ಅಭ್ಯಾಸದ ಆ್ಯಪ್‌ನಲ್ಲಿ ಅಕ್ಷರದ ವೇಗವನ್ನು 20 ಪದಕ್ಕೇ ಇಡಿ. ಆಗ ‘ಡಿ’ 60 ಮಿಲಿಸೆಕೆಂಡು, ‘ಡಾ’ ಅದರ ಮೂರರಷ್ಟು; ಎಣಿಸಲು ಪುರುಸೊತ್ತೇ ಸಿಗುವುದಿಲ್ಲ. ಅಕ್ಷರಗಳ ನಡುವಿನ ಬಿಡುವನ್ನು ಮಾತ್ರ ಹಿಗ್ಗಿಸಿ, ಒಟ್ಟು ವೇಗ ಆರೇಳು ಪದಕ್ಕೆ ಇಳಿಯಲಿ. ಫಾರ್ನ್ಸ್‌ವರ್ತ್ ಕ್ರಮ ಎನ್ನುವುದು ಇದನ್ನೇ. ಇದಕ್ಕೆ ಕಾಖ್ ಕ್ರಮವನ್ನೂ ಸೇರಿಸಿ: ಶುರುವಿಗೆ ಕೆ, ಎಂ ಎರಡೇ ಅಕ್ಷರ, ನೂರಕ್ಕೆ ತೊಂಬತ್ತು ಸರಿಯಾದ ಮೇಲೆ ಇನ್ನೊಂದು. ದಿನಕ್ಕೆ 15 ನಿಮಿಷದಂತೆ ಎರಡು ಸಲ ಸಾಕು. ಭಾನುವಾರ ಒಂದೇ ಸಲ ಎರಡು ಗಂಟೆ ಕೂತರೆ ಕಿವಿ ದಣಿಯುತ್ತದೆ, ಅಷ್ಟೇ. ಅಕ್ಷರ ತಪ್ಪಿದರೆ ಒಂದು ಅಡ್ಡಗೆರೆ ಎಳೆದು ಮುಂದೆ ಹೋಗಿ. ಅದೇನಿರಬಹುದು ಎಂದು ಯೋಚಿಸುತ್ತಾ ಕೂತರೆ ಇನ್ನೂ ಮೂರು ಹೋಗುತ್ತವೆ. ‘ಎಚ್’ಗೆ ನಾಲ್ಕು ಡಿ, ‘5’ಕ್ಕೆ ಐದು. ಇವೆರಡು ಎಲ್ಲರನ್ನೂ ಸತಾಯಿಸುವ ಜೋಡಿ, ಇವಕ್ಕೆ ಬೇರೆಯೇ ಒಂದು ದಿನ ಕೊಡಿ.

ಪ್ರಶ್ನೆ: ಮೋರ್ಸ್ ಅಭ್ಯಾಸಕ್ಕೆ 555 ಐಸಿಯಲ್ಲಿ (ಟೈಮರ್ ಚಿಪ್) ಸ್ವರ ಹೊರಡಿಸುವ ಆಸಿಲೇಟರ್ ಕಟ್ಟಿದ್ದೇನೆ. ಕೀ (ಮೋರ್ಸ್ ಒತ್ತುವ ಸ್ವಿಚ್) ಬಿಟ್ಟ ಮೇಲೂ ಸ್ವರ ಎಳೆಯುತ್ತದೆ. ಮಳೆ ಹಿಡಿದರೆ ಕರಕರ ಬೇರೆ.
– ಓದುಗರು, ಮಲ್ಪೆ

ಉತ್ತರ: ಕೀಯನ್ನು ಬ್ಯಾಟರಿ ತಂತಿಯಲ್ಲಿ ಹಾಕಿದ್ದೀರೆಂದು ಕಾಣುತ್ತದೆ. ಕೀ ಬಿಟ್ಟರೂ ಸಪ್ಲೈಗೆ ಹಾಕಿದ ದೊಡ್ಡ ಕೆಪಾಸಿಟರ್ ಖಾಲಿಯಾಗುವ ತನಕ ಐಸಿ ಹಾಡುತ್ತಲೇ ಇರುತ್ತದೆ. 8ನೇ ಪಿನ್ ನೇರ 9 ವೋಲ್ಟಿಗೆ ಹೋಗಲಿ. 4ನೇ ಪಿನ್ನನ್ನು 1 ಕಿಲೋಓಮ್ ಮೂಲಕ ಗ್ರೌಂಡಿಗೆ ಕೊಟ್ಟು, ಕೀಯನ್ನು 4 ಮತ್ತು 8ರ ನಡುವೆ ಹಾಕಿ. 8–7ರ ನಡುವೆ 4.7 ಕಿಲೋಓಮ್, 7–6ರ ನಡುವೆ 100 ಕಿಲೋಓಮ್, 6 ಮತ್ತು 2 ಸೇರಿಸಿ ಅಲ್ಲಿಂದ ಗ್ರೌಂಡಿಗೆ 0.01 ಮೈಕ್ರೋಫ್ಯಾರಡ್ ಇದ್ದರೆ ಸ್ವರ ಸುಮಾರು 700 ಹರ್ಟ್ಸ್. ಈಗ ಐಸಿಗೆ ಸದಾ ಕರೆಂಟ್ ಇರುವುದರಿಂದ ಬ್ಯಾಟರಿಗೊಂದು ಸ್ವಿಚ್ ಬೇಕೇ ಬೇಕು.

ಕರಕರ ಎನ್ನುವುದು ನಮ್ಮ ಕರಾವಳಿಯ ಉಪ್ಪುಗಾಳಿಯ ಕೆಲಸ. ಕೀಯ ಎರಡು ತುದಿಗಳನ್ನು ತಂತಿಯಿಂದ ಜೋಡಿಸಿ ನೋಡಿ. ಸ್ವರ ಸ್ಥಿರವಾಗಿ ಬಂದರೆ ಕಾಂಟ್ಯಾಕ್ಟ್ ಕಿಲುಬು ಹಿಡಿದಿದೆ. ಬಿಳಿ ಕಾಗದದ ಪಟ್ಟಿ ನಡುವೆ ಇಟ್ಟು, ಕೀ ಮೆಲ್ಲಗೆ ಒತ್ತಿ ಎಳೆಯಿರಿ. ಕಾಗದಕ್ಕೆ ಕಪ್ಪು ಹತ್ತುವುದು ನಿಲ್ಲುವ ತನಕ. ಸ್ಯಾಂಡ್ ಪೇಪರ್ ಬೇಡ, ಬೆಳ್ಳಿಯ ಲೇಪ ಹೋಗುತ್ತದೆ.

ಪ್ರಶ್ನೆ: ಮನೆಯ ಶಾರ್ಟ್‌ವೇವ್ ರೇಡಿಯೋದಲ್ಲಿ ಮೋರ್ಸ್ ಕೇಳಬಹುದೇ?
– ಓದುಗರು, ಮಣಿಪಾಲ

ಉತ್ತರ: ಎಸ್‌ಎಸ್‌ಬಿ (ಮೋರ್ಸನ್ನು ಸ್ವರವಾಗಿ ಕೇಳಿಸುವ ವ್ಯವಸ್ಥೆ) ಸ್ವಿಚ್ ಇದ್ದರೆ ಮಾತ್ರ. ಇಲ್ಲದಿದ್ದರೆ ಸ್ವರದ ಬದಲು ಬರೀ ಬುಸ್ ಎನ್ನುವ ಏರಿಳಿತ. ಸಂಜೆ ಮೇಲೆ 7.000ರಿಂದ 7.030 ಮೆಗಾಹರ್ಟ್ಸ್ ನಡುವೆ ನಿಧಾನ ತಿರುಗಿಸಿ. ಹಗಲಿಗೆ 14.100 ಇದೆ: ಅಲ್ಲಿ ಬೇರೆ ಬೇರೆ ದೇಶಗಳ, ಗುರುತಿನ ಸಂಕೇತ ತಾನಾಗಿ ಕಳಿಸುವ ಬೀಕನ್‌ಗಳು ಸರದಿಯಲ್ಲಿ ತಲಾ 10 ಸೆಕೆಂಡಿನೊಳಗೆ, ನಿಮಿಷಕ್ಕೆ 22 ಪದದ ವೇಗದಲ್ಲಿ ಕರೆಹೆಸರು ಹೇಳಿ, ಒಂದೊಂದು ಸೆಕೆಂಡಿನ ನಾಲ್ಕು ಗೆರೆ ಕಳಿಸುತ್ತವೆ. ಮೊದಲನೆಯದು 100 ವಾಟ್, ಆಮೇಲೆ 10, 1, ಕೊನೆಗೆ 0.1. ನಾಲ್ಕನೆಯದೂ ಕೇಳಿಸಿದರೆ ಆಂಟೆನಾ ಚೆನ್ನಾಗಿಯೇ ಇದೆ, ಮುಟ್ಟಲು ಹೋಗಬೇಡಿ.