ದೆಹಲಿ ಪೂಸಾ ಮೇಳಕ್ಕೆ ವಿಮಾನದಲ್ಲಿ ಹೋಗೋರಿಗೆ: ಟಿಕೆಟ್‌ನಲ್ಲಿರುವ ಹೊತ್ತಿನ ಲೆಕ್ಕ

ಮಾನ್ವಿಯ ಅಣ್ಣಾ, ನಮಸ್ಕಾರ. ಪೂಸಾ ಕೃಷಿ ಮೇಳಕ್ಕೆ ಹೊರಟಿದ್ದೀರಿ ಅಂತ ಓದಿ ಖುಷಿಯಾಯಿತು. ಹೈದರಾಬಾದಿನಿಂದ ದೆಹಲಿಗೆ 1,250 ಕಿ.ಮೀ., ವಿಮಾನದ ವೇಗ ಗಂಟೆಗೆ 800ಕ್ಕೂ ಜಾಸ್ತಿ, ಒಂದೂವರೆ ಗಂಟೆ ಸಾಕಲ್ವಾ, ಟಿಕೆಟ್‌ನಲ್ಲಿ ಎರಡೂಕಾಲು ಗಂಟೆ ಯಾಕಿದೆ ಅಂತ ಕೇಳಿದ್ದೀರಿ.

ನಿಮ್ಮ ಭಾಗಾಕಾರ ಸರಿಯಾಗಿದೆ. ಆದರೆ 1,250 ಅನ್ನೋದು ದಾರ ಎಳೆದ ಹಾಗೆ ನೇರ ದೂರ. ವಿಮಾನ ತನಗೆ ಕೊಟ್ಟ ದಾರಿಯಲ್ಲೇ ಹೋಗಬೇಕು, ಅದು ಸ್ವಲ್ಪ ಸುತ್ತು. ಆ ವೇಗವೂ ಮೇಲೆ 35,000 ಅಡಿ ಹತ್ತಿರ ಹೋದ ಮೇಲಿನದ್ದು. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್ ದಾಟುವುದಿಲ್ಲ, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ದೆಹಲಿ ಇನ್ನೂ 200 ಕಿ.ಮೀ. ಇರುವಾಗಲೇ, ಆಗ್ರಾ ಆಸುಪಾಸಿನಲ್ಲಿ, ಇಳಿಯಲು ಶುರು ಮಾಡುತ್ತದೆ.

ಜಾಸ್ತಿ ಹೊತ್ತು ತಿನ್ನೋದು ನೆಲ. ಟಿಕೆಟ್‌ನ ಸಮಯ ವಿಮಾನ ಜಾಗ ಬಿಟ್ಟು ಕದಲಿದಾಗಿನಿಂದ, ಅಲ್ಲಿ ಹೋಗಿ ನಿಲ್ಲುವ ತನಕ. ಹೋದ ಸಲ ನಾನು ಕಿಟಕಿ ಪಕ್ಕ ಕೂತು ವಾಚ್ ನೋಡುತ್ತಿದ್ದೆ. ಗಿಡ್ಡ ಟ್ರ್ಯಾಕ್ಟರಿನಂಥ ಗಾಡಿ ವಿಮಾನದ ಮೂತಿ ಹಿಡಿದು ಹಿಂದಕ್ಕೆ ತಳ್ಳಿತು. ಚಕ್ರ ನೆಲ ಬಿಟ್ಟಿದ್ದು 18 ನಿಮಿಷ ಆದ ಮೇಲೆ. ದೆಹಲಿಯಲ್ಲಿ ಇಳಿದ ಮೇಲೂ ಬಸ್ಸಿನ ಹಾಗೆ ಸುಮಾರು ಹೊತ್ತು ಓಡಿತು. ಗಾಳಿಯ ಚಿಂತೆ ಈ ದಾರಿಯಲ್ಲಿ ಕಡಿಮೆ. ಮೇಲೆ ಗಾಳಿ ಪಡುವಣದಿಂದ ಮೂಡಣಕ್ಕೆ ಬೀಸುತ್ತೆ, ನಾವು ಹೋಗೋದು ಹೆಚ್ಚುಕಡಿಮೆ ನೇರ ಉತ್ತರಕ್ಕೆ. ಮುಂಬೈ-ಕೋಲ್ಕತ್ತಾ ಆಗಿದ್ದರೆ ಹೋಗುವಾಗ ಬೇಗ, ಬರುವಾಗ ತಡ.

ಆದರೆ ಅಣ್ಣಾ, ನೀವು ಲೆಕ್ಕ ಹಾಕಬೇಕಾದ್ದು ಮನೆ ಬಾಗಿಲಿನಿಂದ. ರಾಯಚೂರಿನಿಂದ ಮಕ್ತಲ್, ಮಹಬೂಬ್‌ನಗರ, ಜಡ್ಚರ್ಲಾ ದಾಟಿದರೆ ಶಂಶಾಬಾದ್ ವಿಮಾನ ನಿಲ್ದಾಣ ಊರಿಗಿಂತ ಮೊದಲೇ ಸಿಗುತ್ತೆ. ಹೈದರಾಬಾದ್ ಟ್ರಾಫಿಕ್‌ಗೆ ಸಿಗೋದೇ ಇಲ್ಲ. ಆದರೂ ಮಾನ್ವಿಯಿಂದ ಐದು ಗಂಟೆ ಇಟ್ಟುಕೊಳ್ಳಿ. ಲಗೇಜ್ ಕೌಂಟರ್ ಒಂದು ಗಂಟೆ ಮುಂಚೆಯೇ ಮುಚ್ಚುತ್ತಾರೆ, ಹಾಗಾಗಿ ಎರಡು ಗಂಟೆ ಮುಂಚೆ ಅಲ್ಲಿರಿ. ಬೆಳಗಿನ 11ರ ವಿಮಾನ ಅಂದರೆ ಮನೆಯಿಂದ 4ಕ್ಕೆ ಹೊರಡಬೇಕು. ದೆಹಲಿ ಮುಟ್ಟೋದು 1:15, ಬ್ಯಾಗ್ ತಗೊಂಡು ಪೂಸಾ ಸೇರುವಷ್ಟರಲ್ಲಿ ಮೂರು ಗಂಟೆ. ಆ ದಿನದ ಮೇಳ ಹೆಚ್ಚುಕಡಿಮೆ ಮುಗಿದಂತೆಯೇ. ಅದಕ್ಕೇ ಒಂದು ದಿನ ಮುಂಚೆ ಹೋಗಿ ಅಂತ ನನ್ನ ಸಲಹೆ.

ಬಳ್ಳಾರಿ ಕಡೆಯವರಿಗೆ ಬೆಂಗಳೂರೇ ವಾಸಿ. ಅನಂತಪುರದ ಮೇಲೆ ಬಂದರೆ ದೇವನಹಳ್ಳಿಯೂ ಊರಿಗಿಂತ ಮೊದಲೇ ಸಿಗುತ್ತೆ. ಅಲ್ಲಿಂದ ದೆಹಲಿ 1,700 ಕಿ.ಮೀ., ಎರಡು ಮುಕ್ಕಾಲು ಗಂಟೆಗೂ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ.

ಮೇಳದಲ್ಲಿ ದಾಳಿಂಬೆ ಸವರುವ ಕತ್ತರಿ ಕೊಂಡರೆ, ಬರುವಾಗ ಕೈಚೀಲದಲ್ಲಿ ಇಡಬೇಡಿ. ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ. ದೊಡ್ಡ ಬ್ಯಾಗಿಗೆ ಹಾಕಿ ಕೌಂಟರ್‌ನಲ್ಲಿ ಕೊಟ್ಟುಬಿಡಿ.