ನಿಮ್ಮ ತಾರಸಿಯ ನೀರು ಎಲ್ಲಿಗೆ ಹೋಗುತ್ತದೆ?

ಪ್ರಿಯ ಓದುಗರೇ,

"ಆಕಾಶದಿಂದ ಬೀಳುವ ಮಳೆಗೂ ದುಡ್ಡು ಕಟ್ಟಬೇಕಾ? ನಮ್ಮ ಜಾಗದಲ್ಲಿ ಬಿದ್ದ ನೀರಿನ ಲೆಕ್ಕ ನಗರಾಡಳಿತಕ್ಕೆ ಯಾಕೆ?" ಎಂದು ಬರೆದಿದ್ದೀರಿ. ತಾರಸಿ, ಅಂಗಳದಿಂದ ಚರಂಡಿಗೆ ಹರಿಯುವ ನೀರಿಗೆ ನಗರಾಡಳಿತ ಹಾಕುವ ಮಳೆನೀರು ಶುಲ್ಕವನ್ನು ಬೆಂಬಲಿಸಿದ ನಮ್ಮ ಲೇಖನ ನಿಮಗೆ ಸಿಟ್ಟು ತರಿಸಿದೆ. ಮಳೆನೀರು ಹಿಡಿಯಲು ಡ್ರಮ್ ಇಟ್ಟವರಿಗೂ ಇಡದವರಿಗೂ ಒಂದೇ ಶುಲ್ಕವಾದರೆ ಯಾರು ತಾನೇ ಇಡುತ್ತಾರೆ ಎಂದೂ ಕೇಳಿದ್ದೀರಿ. ಈ ಎರಡನೇ ಪ್ರಶ್ನೆ ನಮ್ಮ ಲೇಖನದಲ್ಲೇ ಇರಬೇಕಿತ್ತು.

ಮೊದಲು ಸಿಟ್ಟಿನ ವಿಷಯ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 100 ಚದರ ಮೀಟರ್ ತಾರಸಿಯ ಮೇಲೆ 25 ಮಿಲಿಮೀಟರ್ ಬಿದ್ದರೆ 2,500 ಲೀಟರ್. ಅಲ್ಲಿ ಗಿಡ ಬೆಳೆದ ಸಡಿಲ ಮಣ್ಣಿದ್ದಿದ್ದರೆ ಬಹುಪಾಲು ಇಂಗುತ್ತಿತ್ತು. ಕಾಂಕ್ರೀಟಿನ ಮೇಲೆ ಬಿದ್ದದ್ದು ಹೆಚ್ಚುಕಡಿಮೆ ಅಷ್ಟೂ ಬೀದಿಗೆ ಬರುತ್ತದೆ. ಮಳೆ ಶುರುವಾದ ಹತ್ತು ನಿಮಿಷ ಮೋರಿಯ ಬಾಯಿಯ ಹತ್ತಿರ ನಿಂತು ನೋಡಿ. ಕಪ್ಪು ನೀರು, ಮೇಲೆ ಬಣ್ಣಬಣ್ಣದ ಎಣ್ಣೆ ಪದರ, ಸಿಗರೇಟು ತುಂಡು, ಸವೆದ ಟೈರಿನ ಪುಡಿ. ಇದೆಲ್ಲ ಹೋಗಿ ಸೇರುವುದು ಹೊಳೆಗೆ, ಕೆರೆಗೆ. ಆ ಮೋರಿಗಳನ್ನು ಕಟ್ಟಿ, ಹೂಳೆತ್ತಿ ಇಟ್ಟುಕೊಳ್ಳುವ ಖರ್ಚು ಯಾರಾದರೂ ಕೊಡಲೇಬೇಕು. ನಿಮ್ಮ ಮೇಲೆ ಬಿದ್ದ ಮಳೆಗೆ ಯಾರೂ ಬಿಲ್ ಹಾಕುತ್ತಿಲ್ಲ. ನೀವು ಹೊರಗೆ ಬಿಟ್ಟ ನೀರಿಗೆ ಹಾಕುತ್ತಾರೆ.

ಹಾಗಾದರೆ ಈ ಖರ್ಚನ್ನು ನಲ್ಲಿ ನೀರಿನ ಬಿಲ್ಲಿನಲ್ಲೇ ಸೇರಿಸಬಹುದಲ್ವಾ? ಅಲ್ಲೇ ಅನ್ಯಾಯ ಆಗುವುದು. ದೊಡ್ಡ ಪಾರ್ಕಿಂಗ್ ಜಾಗವೊಂದನ್ನು ಯೋಚಿಸಿ. ಅಲ್ಲಿ ನಲ್ಲಿಯೇ ಇಲ್ಲ, ಬಿಲ್ಲೂ ಇಲ್ಲ. ಆದರೆ ಬಿದ್ದ ಮಳೆಯಷ್ಟನ್ನೂ ಅದು ಚರಂಡಿಗೆ ತಳ್ಳುತ್ತದೆ. ನಾಲ್ಕು ಜನ ಸ್ನಾನ ಮಾಡುವ ಪುಟ್ಟ ಮನೆಯವರು ಅದರ ಪಾಲನ್ನೂ ಕಟ್ಟುತ್ತಾರೆ. ಅಮೆರಿಕದ ಫಿಲಡೆಲ್ಫಿಯಾ 2010ರಲ್ಲಿ ಇದನ್ನು ಸರಿಮಾಡಲು ಹೊರಟಿತು. ಅಲ್ಲಿಯವರೆಗೆ ನೀರಿನ ಮೀಟರ್ ನೋಡಿ ಹಾಕುತ್ತಿದ್ದ ಶುಲ್ಕವನ್ನು, ವಾಣಿಜ್ಯ ಜಾಗಗಳಿಗೆ ಹಂತಹಂತವಾಗಿ ವಿಸ್ತೀರ್ಣ ಮತ್ತು ನೀರು ಇಂಗದ ನೆಲದ ಲೆಕ್ಕಕ್ಕೆ ಬದಲಾಯಿಸಿತು. ಜರ್ಮನಿಯ ಅನೇಕ ಊರುಗಳಲ್ಲೂ ಕೊಳಚೆ ನೀರಿಗೆ ಬೇರೆ, ಮಳೆನೀರಿಗೆ ಬೇರೆ ಲೆಕ್ಕ.

ಈಗ ನಿಮ್ಮ ಎರಡನೇ ಪ್ರಶ್ನೆ. ನಿಮ್ಮ ಮಾತು ಪೂರ್ತಿ ಸರಿ. ನೀರು ಇಂಗಿಸಿದವರಿಗೆ ರಿಯಾಯಿತಿ ಇಲ್ಲದಿದ್ದರೆ ಈ ಶುಲ್ಕ ಸುಮ್ನೆ ಇನ್ನೊಂದು ತೆರಿಗೆ ಆಗುತ್ತದೆ. ಆದರೆ ಮನೆಮನೆಗೂ ಹೋಗಿ ಅಳೆದು ಲೆಕ್ಕ ಇಡುವುದಕ್ಕೆ ಖರ್ಚು ಜಾಸ್ತಿ. ಹಾಗಾಗಿ ದೊಡ್ಡ ಜಾಗಗಳಿಗೆ ಬಿಲ್ಲಿನಲ್ಲಿ ರಿಯಾಯಿತಿ, ಸಣ್ಣ ಮನೆಗಳಿಗೆ ಕೆಲಸ ಮಾಡಿಸಿಕೊಳ್ಳಲು ನೇರ ಸಹಾಯ, ಹೀಗೆ ಮಾಡುವುದೇ ಒಳ್ಳೆಯದು ಎಂದು ನನಗನ್ನಿಸುತ್ತದೆ. ಅಮೆರಿಕದ ಪೋರ್ಟ್‌ಲೆಂಡ್ ನಗರ 1993ರಿಂದ 2011ರವರೆಗೆ ಮನೆಗಳಿಗೆ ಇಂಥ ನೇರ ಸಹಾಯ ಮಾಡಿತು. ತಾರಸಿ ಪೈಪನ್ನು ಚರಂಡಿಯಿಂದ ಬಿಡಿಸಿ ಅಂಗಳದ ಮಣ್ಣಿಗೆ ತಿರುಗಿಸಿದವರಿಗೆ ಹಣ ಕೊಟ್ಟಿತು, ಆಗದವರಿಗೆ ತಾನೇ ಮಾಡಿಸಿಕೊಟ್ಟಿತು. 50,000ಕ್ಕೂ ಹೆಚ್ಚು ಪೈಪುಗಳು ಹೀಗೆ ತಿರುಗಿದವು. ಬರೀ ಒಂದು ಮೊಣಕೈ ಪೈಪಿನ ಕೆಲಸ!

ಡ್ರಮ್ಮಿನ ಬಗ್ಗೆ ಒಂದು ಮಾತು. 200 ಲೀಟರಿನ ಡ್ರಮ್, ಮೇಲೆ ಹೇಳಿದ ತಾರಸಿಗೆ ಬರೀ 2 ಮಿಲಿಮೀಟರ್ ಮಳೆಗೆ ತುಂಬಿಬಿಡುತ್ತದೆ. ತುಂಬಿದ ಡ್ರಮ್ ಮುಂದಿನ ಮಳೆಗೆ ಇದ್ದೂ ಇಲ್ಲದಂತೆ. ಆದ್ದರಿಂದ ಮಳೆ ನಿಂತ ಮೇಲೆ ಖಾಲಿ ಮಾಡಿ, ಉಕ್ಕಿದ ನೀರನ್ನು ಗಿಡಗಳ ಕಡೆಗೆ ಬಿಡಿ. ಇಂಗುಗುಂಡಿ ತೋಡುವುದಾದರೆ ಮನೆಯ ಪಾಯದಿಂದ, ಪಕ್ಕದವರ ಗೋಡೆಯಿಂದ ದೂರ ಇರಲಿ. ಜೇಡಿಮಣ್ಣಿದ್ದರೆ ಮೊದಲು ಸಣ್ಣ ಗುಂಡಿ ತೋಡಿ ನೀರು ಹಾಕಿ, ಎಷ್ಟು ಹೊತ್ತಿಗೆ ಇಂಗುತ್ತದೆ ನೋಡಿ. ನೀರು ಇಂಗುವ ಪೇವರ್ ಹಾಕಿಸಿದರೆ ಸಂದಿಯ ಹೂಳು ಆಗಾಗ ತೆಗೆಯಬೇಕು, ಇಲ್ಲದಿದ್ದರೆ ಅದೂ ಕಾಂಕ್ರೀಟೇ.

ಇನ್ನೊಂದು. ಇಂಥ ಶುಲ್ಕದಲ್ಲಿ ಇಂಗದ ನೆಲವನ್ನು ಹೆಚ್ಚಾಗಿ ಮೇಲಿನಿಂದ ತೆಗೆದ ಫೋಟೋ ನೋಡಿ ಅಳೆಯುತ್ತಾರೆ. ನಿಮಗೆ ಬಿಲ್ ಬಂದರೆ ಆ ನಕ್ಷೆ ಕೇಳಿ ಪಡೆಯಿರಿ. ಜಲ್ಲಿ ಹಾಸಿದ ಅಂಗಳವನ್ನು ಕಾಂಕ್ರೀಟ್ ಎಂದು ಎಣಿಸಿದ್ದರೆ ಫೋಟೋ ಸಮೇತ ತಕರಾರು ಹಾಕಿ.

— ಸಂಪಾದಕ