ಮೈಗಳ್ಳ ಕದ್ದದ್ದೇನು?

ಪ್ರಶ್ನೆ: ಗ್ಯಾಸ್ ಸಿಲಿಂಡರ್ ಬದಲಾಯಿಸು ಅಂದಾಗ ನಾನು ಬಚ್ಚಲುಮನೆ ಸೇರಿಕೊಂಡೆ. ಅಮ್ಮ 'ಮೈಗಳ್ಳ' ಅಂದರು. ನಾನೇನು ಕದ್ದೆ ಸ್ವಾಮಿ?
– ಓದುಗ, ಹಾಸನ

ಉತ್ತರ: ನಿಮ್ಮ ಮೈಯನ್ನೇ! ಮೈ, ಕಳ್ಳ ಎರಡೂ ಸೇರುವಾಗ 'ಕ' ಹೋಗಿ 'ಗ' ಬಂತು. ಶಾಲೆಯಲ್ಲಿ ಕಲಿತ ಆದೇಶ ಸಂಧಿ, ನೆನಪಿದೆ ಅಲ್ವಾ? ಕೆಲಸಕ್ಕೆ ಸಲ್ಲಬೇಕಾದ ಮೈಯನ್ನು ನೀವೇ ಬಚ್ಚಿಟ್ಟಿರಿ. ಮಾಲೂ ನೀವೇ, ಕಳ್ಳನೂ ನೀವೇ. ಸೋಮಾರಿ ಹಾಗಲ್ಲ, ಎದುರಿಗೇ ಬಿದ್ದುಕೊಂಡಿರುತ್ತಾನೆ. ಮೈಗಳ್ಳನಿಗೆ ಸ್ವಲ್ಪ ಬುದ್ಧಿ ಜಾಸ್ತಿ.

ನನಗೆ ಸಿಕ್ಕ ಬಿರುದು ಇನ್ನೂ ದೊಡ್ಡದು. ಹೋದ ಬೇಸಿಗೆಯಲ್ಲಿ ಮಾವನ ಮನೆಯ ಮಾವಿನ ಮರ ಹತ್ತಲು ಪಂಚೆ ಎತ್ತಿ ಕಟ್ಟಿದೆ. 'ಏಣಿ ಯಾಕೆ, ಸುಮ್ನೆ' ಅಂತ ಬೇರೆ ಹೇಳಿದ್ದೆ. ಆಳೆತ್ತರ ಏರುವಷ್ಟರಲ್ಲಿ ಚಗಳಿ ಇರುವೆ ಕಂಡವು. ಇಳಿದೆ ಅನ್ನುವುದಕ್ಕಿಂತ ಜಾರಿದೆ ಅನ್ನಿ. 'ಬನ್ನಿ, ಉತ್ತರಕುಮಾರ' ಅಂದಳು ಹೆಂಡತಿ. ವಿರಾಟರಾಯನ ಮಗ ಉತ್ತರ ಹೆಂಗಸರ ಮುಂದೆ ಕೊಚ್ಚಿಕೊಂಡು ಹೋದವನು, ಕೌರವರ ಸೈನ್ಯ ಕಂಡೊಡನೆ ರಥದಿಂದ ಹಾರಿ ಓಡಿದ. ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ಹಿಡಿದು ತಂದ. ನನ್ನನ್ನು ಯಾರೂ ಹಿಡಿದು ತರಲಿಲ್ಲ. ಎಪ್ಪತ್ತು ದಾಟಿದ ಮಾವ ದೋಟಿ ತಂದು ಹಣ್ಣು ಕೊಯ್ದರು.